ಮರದರಿಶಿನದ ಮೂಲ ಕೇಳುವವರು ಯಾರು?

ಮಾನ್ಯರೇ,

ಕಳೆದ ವಾರ ತುಮಕೂರಿನ ಗ್ರಂಥಿಗೆ ಅಂಗಡಿಯೊಂದರಲ್ಲಿ ಕಷಾಯದ ಸಾಮಾನು ಕಟ್ಟಿಸುವಾಗ, ಅಂಗಡಿಯವರು ಹೆಬ್ಬೆರಳು ಗಾತ್ರದ ಮರದರಿಶಿನದ ತುಂಡನ್ನು ತಕ್ಕಡಿಗೆ ಹಾಕಿದರು. ಕೈಗೆತ್ತಿಕೊಂಡು ನೋಡಿದರೆ, ಕಡಿದ ಮುಖದ ತುಂಬ ಗಾಡಿ ಚಕ್ರದ ಅರಗಳಂಥ ಗೆರೆಗಳಿದ್ದವು. ಹಿಡಿದ ಬೆರಳಿಗೆ ಹಳದಿ ಹತ್ತಿತು. ಎಲ್ಲಿಯದೆಂದು ಕೇಳಿದ್ದಕ್ಕೆ, ‘ಬೆಂಗಳೂರಿಂದ ಮೂಟೆ ಬರ್ತದೆ ಸಾರ್, ಅದರ ಹಿಂದಿಂದು ನಮಗೆ ಗೊತ್ತಿಲ್ಲ’ ಎಂದರು. ಅವರು ಸುಳ್ಳು ಹೇಳಲಿಲ್ಲ. ಇದುವರೆಗೆ ಯಾವ ಗಿರಾಕಿಯೂ ಅದನ್ನು ಕೇಳಿರಲಿಕ್ಕಿಲ್ಲ.

ಹೆಸರಿನಲ್ಲಿ ಮರವೂ ಅರಿಶಿನವೂ ಇದ್ದರೂ ಇದು ಎರಡೂ ಅಲ್ಲ. ನಮ್ಮ ಬೇಲಿಯ ಅಮೃತಬಳ್ಳಿಯ ಕುಟುಂಬಕ್ಕೇ ಸೇರಿದ, ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ದೊಡ್ಡ ಮರಗಳನ್ನು ಹಬ್ಬಿ ಏರುವ ಬಳ್ಳಿ. ಕಾಂಡದ ಹಳದಿಗೆ ಕಾರಣವಾದ, ಔಷಧಿಗೆಂದು ಜನ ಬಯಸುವ ಬರ್ಬೆರಿನ್ ಎಂಬ ಅಂಶವೇ ಅದಕ್ಕೆ ಮುಳುವಾಗಿದೆ. ಬಳ್ಳಿ ಹೂ ಬಿಡಲು ಸುಮಾರು 15 ವರ್ಷ ಹಿಡಿಯುತ್ತದೆ. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆಯಾದ್ದರಿಂದ ಒಂದನ್ನು ಬುಡಸಮೇತ ಕಡಿದರೆ ಹತ್ತಿರದಲ್ಲುಳಿದ ಇನ್ನೊಂದು ಕಾಯಿ ಕಟ್ಟದೆ ನಿಲ್ಲಬಹುದು. ಅಕಸ್ಮಾತ್ ಕಟ್ಟಿದರೂ ಬೀಜ ಮೊಳೆಯುವುದು ಬಹಳ ನಿಧಾನ. ಕರ್ನಾಟಕದ ಮಟ್ಟಿಗೆ ತೀವ್ರ ಅಪಾಯದಂಚಿನಲ್ಲಿರುವ ಸಸ್ಯವೆಂದು ತಜ್ಞರು ಇದನ್ನು ಗುರುತಿಸಿದ್ದಾರೆ. ಕಾಡಿನಿಂದ ಕಡಿದದ್ದನ್ನು ವಿದೇಶಕ್ಕೆ ಕಳಿಸುವಂತಿಲ್ಲ; ಆದರೆ ಊರೊಳಗಿನ ತಕ್ಕಡಿಯ ಮುಂದೆ ಯಾರೂ ಏನೂ ಕೇಳುವುದಿಲ್ಲ.

ಮಾಕಳಿ ಬೇರಿನ ಉಪ್ಪಿನಕಾಯಿ ತಿಂದು ಬೆಳೆದ ನಮ್ಮ ಜಿಲ್ಲೆಯವರಿಗೆ ಇದು ಹೊಸ ಕತೆಯಲ್ಲ. ಬಂಡೆ ಸಂದಿಯಿಂದ ಬೇರು ಅಗೆದರೆ ಬಳ್ಳಿಯೂ ಹೋಗುತ್ತದೆಂದು ಗೊತ್ತಿದ್ದೂ ಜಾಡಿ ತುಂಬಿಸಿಕೊಂಡವರು ನಾವು.

ಹಾಗೆಂದು ಬಯಲುಸೀಮೆಯ ಔಷಧಿ ವನಗಳಲ್ಲಿ ಮರದರಿಶಿನ ನೆಟ್ಟು ಫಲಕ ಹಾಕುವ ಹುಮ್ಮಸ್ಸು ಬೇಡ. ಮಳೆಕಾಡಿನ ಬಳ್ಳಿಗೆ ನಮ್ಮ ಬಿಸಿಲು ಒಗ್ಗದು. ದೇವರಾಯನದುರ್ಗದಂತೆಯೇ ಆಗುಂಬೆ, ಕೊಲ್ಲೂರುಗಳಲ್ಲೂ ಔಷಧೀಯ ಸಸ್ಯ ಸಂರಕ್ಷಣಾ ಪ್ರದೇಶಗಳಿವೆ. ಗಂಡು ಹೆಣ್ಣು ಎರಡೂ ಬಳ್ಳಿಗಳನ್ನು ಬೆಳೆಸುವ ಕೆಲಸ ಘಟ್ಟದ ಅಂಥ ಕಾಡುಗಳ ಆಸುಪಾಸಿನಲ್ಲೇ, ಅಲ್ಲಿನ ಅಡಿಕೆ ತೋಟದವರನ್ನೂ ಸೇರಿಸಿಕೊಂಡು ನಡೆಯಬೇಕು. ಇಲ್ಲಿ ಆಗಬೇಕಾದದ್ದು ಬೇರೆ: ಮೂಟೆ ಯಾವ ಕಾಡಿನದು ಅಥವಾ ಯಾವ ತೋಟದ್ದೆಂಬ ದಾಖಲೆಯನ್ನು ಗ್ರಂಥಿಗೆ ಅಂಗಡಿಗಳು ಇಟ್ಟುಕೊಳ್ಳುವಂತೆ ಅರಣ್ಯ ಇಲಾಖೆ ಮತ್ತು ಆಯುಷ್ ಇಲಾಖೆ ಕಡ್ಡಾಯ ಮಾಡಲಿ, ವರ್ಷಕ್ಕೊಮ್ಮೆಯಾದರೂ ಬಂದು ತೆಗೆಸಿ ನೋಡಲಿ.

– ಓದುಗರೊಬ್ಬರು, ತುಮಕೂರು