ದಾನದ ಸಾಮಾನಿಗೆ ಕಿಮ್ಮತ್ತಿನ ಚೀಟಿ ಇನ್ನು ಇಲ್ಲ

ಹುಬ್ಬಳ್ಳಿ, ಮಾರ್ಚ್ 2025

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ಮಠಕ್ಕೋ ಶಾಲೆಗೋ ಹಳೇ ಸಾಮಾನು ಕೊಡುವಾಗ ನಿಮ್ಮಲ್ಲಿ ಕೆಲವರು ನಮ್ಮ ಅಂಗಡಿಯಿಂದ ಕಿಮ್ಮತ್ತಿನ ಚೀಟಿ ಬರೆಸಿಕೊಂಡು ಹೋಗುತ್ತೀರಿ. ಏಪ್ರಿಲ್ 1ರಿಂದ ಆ ಚೀಟಿ ಕೊಡುವುದಿಲ್ಲ.

ಟ್ಯಾಕ್ಸ್ ಉಳಿಸಲು ಅದು ಉಪಯೋಗಕ್ಕೆ ಬರುವುದಿಲ್ಲ, ಅಷ್ಟೇ. ದಾನ ಕೊಟ್ಟವರಿಗೆ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನಲ್ಲಿ ಸಿಗುವ ವಿನಾಯಿತಿ ದುಡ್ಡಿನ ದಾನಕ್ಕೆ ಮಾತ್ರ. ಅಕ್ಕಿ ಚೀಲ, ಬೆಂಚು, ಕಪಾಟು ಕೊಟ್ಟರೆ ಪುಣ್ಯ ಬರಬಹುದು, ವಿನಾಯಿತಿ ಬರಲ್ಲ. ಚೀಟಿಯಲ್ಲಿ ಹತ್ತು ಸಾವಿರ ಇದ್ದರೂ ಒಂದೇ, ಐವತ್ತು ಸಾವಿರ ಇದ್ದರೂ ಒಂದೇ.

ಅಮೆರಿಕದಲ್ಲಿರುವ ಮಕ್ಕಳು ಫೋನಿನಲ್ಲಿ ‘ಅಪ್ರೈಸಲ್ ಮಾಡಿಸಿ’, ಅಂದರೆ ಕಿಮ್ಮತ್ತು ಕಟ್ಟಿಸಿ, ಅನ್ನುತ್ತಾರೆ. ಅಲ್ಲಿ ವಸ್ತು ಕೊಟ್ಟರೂ ವಿನಾಯಿತಿ ಉಂಟು. ಒಟ್ಟು 500 ಡಾಲರ್ ದಾಟಿದರೆ 8283 ಅನ್ನೋ ಫಾರ್ಮ್, 5,000 ದಾಟಿದರೆ ಸಾಮಾನ್ಯವಾಗಿ ಅರ್ಹ ಮೌಲ್ಯಮಾಪಕರ ವರದಿ ಬೇಕು. ಅದು ಆ ದೇಶದ ಲೆಕ್ಕ. ಧಾರವಾಡದ ಶಾಲೆಗೆ ನೀವು ಕೊಡುವ ಕಪಾಟಿಗೆ ಅದು ತಾಗುವುದಿಲ್ಲ.

ಬದಲಿಗೆ ಸಾಮಾನನ್ನು ನಮಗೇ ಮಾರಿ. ದುಡ್ಡನ್ನು ನೇರ ನಿಮ್ಮ ಬ್ಯಾಂಕ್ ಖಾತೆಗೆ ಹಾಕುತ್ತೇವೆ. ಅಲ್ಲಿಂದ ಚೆಕ್ ಅಥವಾ ಯುಪಿಐನಲ್ಲಿ ದಾನ ಕೊಡಿ. 2,000 ರೂಪಾಯಿ ಮೀರಿದ ನಗದಿಗೆ ವಿನಾಯಿತಿ ಇಲ್ಲ. ಸಂಸ್ಥೆಗೆ 80ಜಿ ನೋಂದಣಿ ಇದೆಯಾ ಅಂತ ಮೊದಲೇ ಕೇಳಿ. ಆಮೇಲೆ ಅವರಿಂದ ದಾನದ 10ಬಿಇ ಪ್ರಮಾಣಪತ್ರ ಇಸಿದುಕೊಳ್ಳಿ. ಹೊಸ ತೆರಿಗೆ ಪದ್ಧತಿ ಆರಿಸಿದವರಿಗೆ ಇದ್ಯಾವುದೂ ಸಿಗುವುದಿಲ್ಲ. ಅವರು ಸುಮ್ನೆ ಕಪಾಟನ್ನೇ ಶಾಲೆಗೆ ಕೊಟ್ಟುಬಿಡಲಿ, ಅದೇ ಚಂದ.

ಮಾರಿದ ದುಡ್ಡಿಗೆ ಟ್ಯಾಕ್ಸ್ ಬೀಳುತ್ತಾ ಅಂತ ಕೇಳುವವರಿದ್ದಾರೆ. ಮನೆಯಲ್ಲಿ ಬಳಸಿದ ಕಪಾಟು, ಮಂಚಕ್ಕೆ ಇಲ್ಲ. ಒಡವೆ, ಹಳೇ ಚಿತ್ರ, ಮೂರ್ತಿಗಳ ಲೆಕ್ಕ ಬೇರೆ; ಅವನ್ನು ನಾವು ತೆಗೆದುಕೊಳ್ಳುವುದೂ ಇಲ್ಲ.

ದರ ಹೇಗೆ ಅಂತ ಮೊದಲೇ ಹೇಳಿಬಿಡುತ್ತೇವೆ. ಸಾಗವಾನಿ ಕಪಾಟಾದರೆ ಗೋಡೆಗೆ ಹತ್ತಿದ ಹಿಂದಿನ ಹಲಗೆಯನ್ನು ಬಡಿದು ನೋಡುತ್ತೇವೆ. ಮುಂದೆಲ್ಲ ಸಾಗವಾನಿ ಇದ್ದು, ಹಿಂದೆ ಗೆದ್ದಲು ತಿಂದ ಯಾವುದೋ ಕಟ್ಟಿಗೆ ಇರುವುದುಂಟು. ತಾಮ್ರದ ಹಂಡೆಗೆ ಆ ದಿನದ ಕಿಲೋ ದರ. ಆದರೆ ಒಳಗೆ ಬೋರ್ ನೀರಿನ ಸುಣ್ಣ ದಪ್ಪಗೆ ಕಟ್ಟಿರುತ್ತದೆ, ಅಲ್ವಾ? ಅದನ್ನು ನಿಮ್ಮೆದುರಿಗೇ ಕೆರೆದು ತೂಗುತ್ತೇವೆ. ತಳಕ್ಕೆ ಬೆಸುಗೆ ಇದ್ದರೆ ಸ್ವಲ್ಪ ಕಡಿತ.

ಅಣ್ಣ ತಮ್ಮಂದಿರ ವಾಟಣಿಗೆ, ಅಂದರೆ ಪಾಲು ಹಂಚಿಕೆಗೆ, ಕಿಮ್ಮತ್ತಿನ ಚೀಟಿ ಮೊದಲಿನಂತೆ ಸಿಗುತ್ತದೆ. ಬರೆಯುವಾಗ ಎಲ್ಲರೂ ಎದುರಿಗೆ ಇರಬೇಕು.

ನಿಮ್ಮ ಹಳೇ ಸಾಮಾನಿನ ಅಂಗಡಿಯವರು