ಲಂಡನ್ನಿನ ಮಕ್ಕಳನ್ನು ಮೈಸೂರಿನ ಗಡಿಯಾರದಿಂದ ಅಳೆಯಬೇಡಿ

ಮಾನ್ಯ ಸಂಪಾದಕರೇ,

ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದ ಕಡೆಯಿಂದ ಇಂಗ್ಲೆಂಡ್, ಅಮೆರಿಕ, ಕೆನಡಾಗಳಿಗೆ ಹೋಗಿ ನೆಲೆಸಿದ ಎಷ್ಟೋ ಮುಸ್ಲಿಂ ಕುಟುಂಬಗಳ ಮಕ್ಕಳು ಈಗ ಹೈಸ್ಕೂಲಿನ ವಯಸ್ಸಿಗೆ ಬಂದಿದ್ದಾರೆ. ಉದಯಗಿರಿಯಲ್ಲೋ ಮಂಡಿ ಮೊಹಲ್ಲಾದಲ್ಲೋ ಇರುವ ದಾದಿ, ನಾನಿಯರು (ಅಜ್ಜಿಯರು) ವಿಡಿಯೊ ಕರೆ ಮಾಡಿದಾಗ ಮೊದಲು ಕೇಳುವುದು ‘ಐದು ಹೊತ್ತೂ ನಮಾಜ್ ಮಾಡ್ತಿದ್ದೀಯಾ ಬೇಟಾ?’ ಎಂದು. ಹುಡುಗ ತಡವರಿಸಿದರೆ ‘ಅಲ್ಲಿಗೆ ಹೋಗಿ ಕೆಟ್ಟ’ ಎಂಬ ತೀರ್ಮಾನ. ಈ ತೀರ್ಮಾನ ಬಹಳಷ್ಟು ಸಲ ತಪ್ಪು. ಮಕ್ಕಳ ಮನಸ್ಸು ದೀನಿನಿಂದ (ಧರ್ಮದಿಂದ) ದೂರವಾಗುವುದಕ್ಕೆ ಮೊದಲೇ ಶಾಲೆಯ ಗಂಟೆ, ಬಾತ್‌ರೂಮು, ಕ್ಯಾಂಟೀನು ಅವರನ್ನು ಸೋಲಿಸಿರುತ್ತವೆ.

ಹೊತ್ತಿನ ಲೆಕ್ಕವನ್ನೇ ನೋಡಿ. ಮೈಸೂರಿನಲ್ಲಿ ವರ್ಷವಿಡೀ ಸೂರ್ಯ ಮುಳುಗುವುದು ಸಂಜೆ ಸುಮಾರು 5.55ರಿಂದ 6.52ರೊಳಗೆ. ಲಂಡನ್ನಿನಲ್ಲಿ ಡಿಸೆಂಬರ್ ಮೂರನೇ ವಾರ ಮಗ್ರಿಬ್ (ಸೂರ್ಯ ಮುಳುಗಿದಾಗಿನ ನಮಾಜ್) 3.53ಕ್ಕೆ, ಜೂನ್‌ನಲ್ಲಿ ರಾತ್ರಿ 9.20ರ ಸುಮಾರಿಗೆ. ಡಿಸೆಂಬರ್‌ನಲ್ಲಿ ಹನಫಿ ಪಂಥದ ಲೆಕ್ಕದ ಅಸರ್ (ಮಗ್ರಿಬ್‌ಗೆ ಮುಂಚೆ ಮುಗಿಸಬೇಕಾದ ಇಳಿಹೊತ್ತಿನ ನಮಾಜ್) ಶುರುವಾಗುವುದೇ 2.10ಕ್ಕೆ. ಶಾಲೆ ಬಿಡುವುದು ಹೆಚ್ಚಾಗಿ 3.15 ಇಲ್ಲವೇ 3.30ಕ್ಕೆ. ಬಸ್ ಹತ್ತಿ ಮನೆ ಸೇರುವಷ್ಟರಲ್ಲಿ ಹೊತ್ತು ಕಳೆದು ಅಸರ್ ಕಜಾ ಆಗಿರುತ್ತದೆ. ನವೆಂಬರ್ ಕೊನೆಯಿಂದ ಜನವರಿ ಮೊದಲ ವಾರದವರೆಗೆ ಹೆಚ್ಚುಕಡಿಮೆ ಇದೇ ಕಥೆ. ಜುಹರ್ (ನಡುಹಗಲಿನ ನಮಾಜ್) ಅಷ್ಟು ಕಷ್ಟವಲ್ಲ. ಚಳಿಗಾಲದಲ್ಲಿ 12 ಗಂಟೆಯ ಆಸುಪಾಸಿನಲ್ಲೇ ಶುರುವಾಗುವುದರಿಂದ ಊಟದ ಬಿಡುವಿಗೆ ಸಿಗುತ್ತದೆ. ಮಾರ್ಚ್ ಕೊನೆಯ ಭಾನುವಾರ ಬ್ರಿಟನ್ನಿನ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಶುಕ್ರವಾರ 12.10ಕ್ಕೆ ಇದ್ದ ಜುಹರ್ ಸೋಮವಾರ 1.10ಕ್ಕೆ ಹೋಗುತ್ತದೆ, ಅಷ್ಟರಲ್ಲಿ ಎಷ್ಟೋ ಶಾಲೆಗಳಲ್ಲಿ ಊಟದ ಬಿಡುವು ಮುಗಿದಿರುತ್ತದೆ. ಆದರೆ ಆಗ ಹಗಲೂ ಉದ್ದ, ಅಸರ್ ದೂರ. ಸಂಜೆ 4ಕ್ಕೆ ಮನೆಗೆ ಬಂದು ನೆಮ್ಮದಿಯಾಗಿ ಜುಹರ್ ಮಾಡಬಹುದು.

ಹೀಗೆ ಲೆಕ್ಕ ಹಾಕಿದರೆ ಶಾಲೆಯಲ್ಲಿ ಕೇಳಬೇಕಾದದ್ದು ಎಷ್ಟು ಸಣ್ಣದು ಎಂದು ಗೊತ್ತಾಗುತ್ತದೆ. ಚಳಿಗಾಲದಲ್ಲಿ ಊಟದ ಬಿಡುವಿಗೆ ಹತ್ತು ನಿಮಿಷ, ಕೊನೆಯ ಗಂಟೆ ಹೊಡೆದ ಮೇಲೆ ಇನ್ನೊಂದು ಹತ್ತು ನಿಮಿಷ, ಒಂದು ಖಾಲಿ ಕೋಣೆ. ಅಸರ್‌ನ ನಾಲ್ಕು ರಕಾತ್ (ಸುತ್ತು) ಫರ್ಜ್‌ಗೆ (ಕಡ್ಡಾಯ ಭಾಗಕ್ಕೆ) ಐದಾರು ನಿಮಿಷ ಸಾಕು. ಪಾಠದ ಒಂದು ನಿಮಿಷವೂ ಹೋಗುವುದಿಲ್ಲ. ‘ನಮಾಜಿಗೆ ಅವಕಾಶ ಕೊಡಿ’ ಎಂದು ಸುಮ್ಮನೆ ಬರೆದರೆ, ದಿನಕ್ಕೆ ಐದು ಸಲ ತರಗತಿ ಬಿಟ್ಟು ಹೋಗುತ್ತಾರೇನೋ ಎಂದು ಹೆಡ್‌ಮಾಸ್ತರರು ಗಾಬರಿಯಾಗುತ್ತಾರೆ. ತಿಂಗಳು, ಗಂಟೆ, ನಿಮಿಷ ಬರೆದು, ಯಾವ ಶಿಕ್ಷಕರ ಕಣ್ಣಳತೆಯಲ್ಲಿ ಇರಬೇಕು ಎಂಬುದನ್ನು ಅವರಿಗೇ ಬಿಟ್ಟ ಪತ್ರಕ್ಕೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು.

ಫೋನಿನ ಆ್ಯಪ್ ನಂಬಿ ಮಕ್ಕಳು ಗೊಂದಲಕ್ಕೆ ಬೀಳುವುದೂ ಇದೆ. ಒಂದೇ ಊರಿನಲ್ಲಿ ಇಬ್ಬರ ಫೋನು ಎರಡು ಹೊತ್ತು ತೋರಿಸುತ್ತದೆ. ಕಾರಣ ಸೆಟ್ಟಿಂಗ್. ಅಸರ್‌ಗೆ ಹನಫಿ ಎಂದು ಇಟ್ಟರೆ ಒಂದು ಹೊತ್ತು, ಶಾಫಿ ಪಂಥ ಎಂದು ಇಟ್ಟರೆ ಇನ್ನೊಂದು. ಲಂಡನ್ನಿನಲ್ಲಿ ಡಿಸೆಂಬರ್‌ನಲ್ಲಿ ಅರ್ಧ ಗಂಟೆ, ಜೂನ್‌ನಲ್ಲಿ ಒಂದು ಗಂಟೆಗೂ ಮೀರಿದ ವ್ಯತ್ಯಾಸ. ಫಜರ್ (ಬೆಳಗಿನ ಜಾವ) ಮತ್ತು ಇಶಾ (ರಾತ್ರಿ) ನಮಾಜಿಗೆ ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗೆ ಎಂಬುದು ನಮ್ಮ ಕಡೆಯ ರೂಢಿ, ಅಮೆರಿಕದಲ್ಲಿ 15 ಡಿಗ್ರಿಯ ಲೆಕ್ಕವೂ ಇದೆ. ಲಂಡನ್ನಿನಲ್ಲಿ ಜೂನ್ 21ರ ನಡುರಾತ್ರಿಯಲ್ಲೂ ಸೂರ್ಯ ಇಳಿಯುವುದು ಸುಮಾರು 15 ಡಿಗ್ರಿ ಮಾತ್ರ. ಮೇ ಕೊನೆಯಿಂದ ಜುಲೈ ಮೂರನೇ ವಾರದವರೆಗೆ 18 ಡಿಗ್ರಿ ಬರುವುದೇ ಇಲ್ಲ! ಅದಕ್ಕೇ ಅಲ್ಲಿಯ ಆಲಿಮರು (ಧರ್ಮ ವಿದ್ವಾಂಸರು) ರಾತ್ರಿಯನ್ನು ಏಳು ಪಾಲು ಮಾಡುವುದು, ಹತ್ತಿರದ ಸರಿಯಾದ ದಿನದ ಹೊತ್ತು ಹಿಡಿಯುವುದು ಮುಂತಾದ ದಾರಿ ಕಂಡುಕೊಂಡಿದ್ದಾರೆ. ಅವರವರ ಬಡಾವಣೆಯ ಮಸೀದಿಯ ವೇಳಾಪಟ್ಟಿಯನ್ನು ಹಿಡಿಯಲಿ, ಇಲ್ಲಿಂದ ನಾವು ತಿದ್ದುವುದು ಬೇಡ. ಎರಡು ನಮಾಜ್ ಸೇರಿಸಿ ಮಾಡಬಹುದೇ ಎಂಬ ಪ್ರಶ್ನೆಯಲ್ಲಿ ಮಜಹಬ್‌ಗಳ (ಹನಫಿ, ಶಾಫಿಯಂಥ ಪಂಥಗಳ) ನಡುವೆ ಭೇದವಿದೆ. ಅದನ್ನೂ ಅಲ್ಲಿಯ ಇಮಾಮರೇ ಹೇಳಲಿ.

ವುಜೂ, ಅಂದರೆ ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆಯುವ ವಿಷಯವನ್ನು ಇಲ್ಲಿ ಯಾರೂ ಯೋಚಿಸುವುದಿಲ್ಲ. ನಮ್ಮ ಮಸೀದಿಗಳಲ್ಲಿ ಕೂತು ಕಾಲು ತೊಳೆಯಲು ನಲ್ಲಿಗಳ ಸಾಲೇ ಇರುತ್ತದೆ. ಅಲ್ಲಿ ಹದಿನಾಲ್ಕರ ಹುಡುಗಿ ಸೊಂಟದೆತ್ತರದ ವಾಶ್‌ಬೇಸಿನ್‌ಗೆ ಕಾಲೆತ್ತಿ ಇಡಬೇಕು. ಸಹಪಾಠಿಗಳು ನಿಂತು ನೋಡುತ್ತಾರೆ, ಕಾಲು ತೊಳೆದ ನೀರು ನೆಲಕ್ಕೆ ಚೆಲ್ಲುತ್ತದೆ, ಯಾರೋ ಜಾರುತ್ತಾರೆ, ದೂರು ಹೋಗುತ್ತದೆ. ಶಾಲೆಯವರು ಸಿಟ್ಟಾಗುವುದು ನಮಾಜಿಗಲ್ಲ, ಒದ್ದೆ ನೆಲಕ್ಕೆ. ಪರಿಹಾರ ಫಿಕ್‌ಹ್‌ನಲ್ಲೇ (ಇಸ್ಲಾಮಿನ ಆಚರಣೆಯ ನಿಯಮಗಳಲ್ಲೇ) ಇದೆ. ಬೆಳಿಗ್ಗೆ ಮನೆಯಲ್ಲಿ ಪೂರ್ತಿ ವುಜೂ ಮಾಡಿ, ಪಾದದ ಗಂಟು ಮುಚ್ಚುವ ಚರ್ಮದ ಮೋಜಾ (ಕಾಲುಚೀಲ) ಹಾಕಿಕೊಂಡರೆ ಶಾಲೆಯಲ್ಲಿ ಕಾಲು ತೊಳೆಯಬೇಕಿಲ್ಲ. ಒದ್ದೆ ಬೆರಳುಗಳನ್ನು ಮೋಜಾದ ಮೇಲ್ಭಾಗಕ್ಕೆ ಎಳೆದು ಮಸಹ್ ಮಾಡಿದರೆ ಆಯಿತು. ಊರಲ್ಲಿ ಇರುವವರಿಗೆ ಇದು ಒಂದು ಹಗಲು ಒಂದು ರಾತ್ರಿ ನಡೆಯುತ್ತದೆ, ಪ್ರಯಾಣಿಕರಿಗೆ ಮೂರು ದಿನ. ತೆಳು ಹತ್ತಿಯ ಸಾಕ್ಸ್‌ಗೆ ಹನಫಿಗಳಲ್ಲಿ ಮಸಹ್ ಇಲ್ಲ. ವುಜೂ ಇಲ್ಲದೆ ಮೋಜಾ ಹಾಕಿದ್ದರೂ ನಡೆಯದು. ಮಕ್ಕಳು ಎಡವುವುದು ಈ ಎರಡರಲ್ಲೇ. ಜೊತೆಗೆ ಅರ್ಧ ಲೀಟರ್ ನೀರಿನ ಬಾಟಲಿ ಚೀಲದಲ್ಲಿರಲಿ. ಕೈ, ಮುಖಕ್ಕೆ ಅಷ್ಟು ಸಾಕು. ನೀರಿಲ್ಲದ ಶೌಚಾಲಯದಲ್ಲೂ ಅದೇ ಬಾಟಲಿ ಉಪಯೋಗಕ್ಕೆ ಬರುತ್ತದೆ.

ಊಟದಲ್ಲಿ ಹಂದಿ ಮಾಂಸ ಬಿಡುವುದು ಸುಲಭ, ಕಣ್ಣಿಗೆ ಕಾಣದ್ದು ಕಷ್ಟ. ನಮ್ಮಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಕಡ್ಡಾಯ, ಬ್ರಿಟನ್ನಿನಲ್ಲಿ ಹಾಗಿಲ್ಲ. ಜೆಲ್ಲಿ ಮಿಠಾಯಿ, ಮಾರ್ಷ್‌ಮ್ಯಾಲೋಗಳಲ್ಲಿ ಜೆಲಾಟಿನ್ ಇರುತ್ತದೆ, ಅದು ಹಂದಿಯದ್ದೂ ಆಗಿರಬಹುದು. ಇ471 (ತಿನಿಸಿಗೆ ಬೆರೆಸುವ ಒಂದು ಪದಾರ್ಥ) ಗಿಡದ ಎಣ್ಣೆಯದೂ ಆಗಬಹುದು, ಪ್ರಾಣಿಯ ಕೊಬ್ಬಿನದೂ ಆಗಬಹುದು. ಅಮೆರಿಕದ ಪೆಪರೋನಿ ಪಿಜ್ಜಾದಲ್ಲಿ ಹೆಚ್ಚಾಗಿ ಹಂದಿ ಮಾಂಸವೇ. ಆಲೂಗಡ್ಡೆ ಚಿಪ್ಸನ್ನು ಮಾಂಸ ಕರಿದ ಎಣ್ಣೆಯಲ್ಲೇ ಕರಿಯುತ್ತಾರೆಯೇ ಎಂದು ಕ್ಯಾಂಟೀನಿನಲ್ಲಿ ಒಮ್ಮೆ ಕೇಳಿ ತಿಳಿದರೆ ವರ್ಷದ ಚಿಂತೆ ಕಳೆಯಿತು. ಗೆಳೆಯರ ಹುಟ್ಟುಹಬ್ಬಕ್ಕೆ ಹೋದಾಗ ‘ವೆಜಿಟೇರಿಯನ್ ಕೊಡಿ’ ಎನ್ನುವುದು ಹುಡುಗರಿಗೆ ಸಲೀಸು, ಭಾಷಣ ಮಾಡಬೇಕಿಲ್ಲ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಸರ್ಕಾರಿ ಶಾಲೆಯಲ್ಲಿ ಬಿಡುವಿನಲ್ಲಿ ವಿದ್ಯಾರ್ಥಿ ತಾನಾಗಿ ಪ್ರಾರ್ಥಿಸಬಹುದು. ಬೇರೆ ವಿದ್ಯಾರ್ಥಿ ಸಂಘಗಳಿಗೆ ಅವಕಾಶ ಕೊಟ್ಟ ಹೈಸ್ಕೂಲು ಧಾರ್ಮಿಕ ಸಂಘಕ್ಕೂ ಕೊಡಬೇಕೆಂದು 1984ರ ಕಾಯ್ದೆ ಹೇಳುತ್ತದೆ. ಬ್ರಿಟನ್ನಿನಲ್ಲಿ ಅಷ್ಟು ಗಟ್ಟಿಯಾದ ಹಕ್ಕಿಲ್ಲ. ಲಂಡನ್ನಿನ ಒಂದು ಶಾಲೆ ನಮಾಜ್ ನಿಷೇಧಿಸಿದ್ದನ್ನು 2024ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದ್ದರಿಂದ ಪ್ರವೇಶಕ್ಕೆ ಮುಂಚೆಯೇ ಕೇಳಿಕೊಳ್ಳಬೇಕು, ಆಮೇಲೆ ಜಗಳವಾಡುವುದಲ್ಲ. ಫ್ರಾನ್ಸಿನ ಸರ್ಕಾರಿ ಶಾಲೆಗಳಲ್ಲಿ 2004ರ ಕಾನೂನಿನಿಂದ ಹಿಜಾಬ್ ಇಲ್ಲ, 2023ರಿಂದ ಅಬಾಯಾವೂ ಇಲ್ಲ. 2022ರಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳು ತರಗತಿಯ ಬಾಗಿಲಲ್ಲಿ ನಿಂತದ್ದನ್ನು ಕಂಡವರಿಗೆ ಆ ನೋವು ಬಿಡಿಸಿ ಹೇಳಬೇಕಿಲ್ಲ. ಹಿಜಾಬ್‌ಗೆ ತಡೆಯಿಲ್ಲದ ಕಡೆ ಆಟಕ್ಕೆ ಪಿನ್ನಿಲ್ಲದ, ತಲೆಗೆ ಎಳೆದು ಹಾಕುವ ಸ್ಪೋರ್ಟ್ಸ್ ಹಿಜಾಬ್ ಕೊಡಿಸಿ. ಪ್ರಯೋಗಾಲಯದಲ್ಲಿ ಬರ್ನರ್ ಮುಂದೆ ಸಿಂಥೆಟಿಕ್ ದುಪಟ್ಟಾ ಇಳಿಬಿಡುವುದು ಅಪಾಯ, ತುದಿಯನ್ನು ಕೋಟಿನೊಳಗೆ ಸೇರಿಸಬೇಕು. ಗಂಡುಮಕ್ಕಳಿಗೆ ಈಜಿಗೆ ಮೊಣಕಾಲು ಮುಚ್ಚುವ ಚಡ್ಡಿ ಬೇಕು.

ಜುಮ್ಮಾ (ಶುಕ್ರವಾರದ ಸಾಮೂಹಿಕ ನಮಾಜ್) ತಪ್ಪುತ್ತದೆಂಬ ಕೊರಗು ಹುಡುಗರಿಗೆ ಜಾಸ್ತಿ. ಇಮಾಮ್ ಬಿಟ್ಟು ಮೂವರು ಗಂಡಸರಿದ್ದರೆ ಜುಮ್ಮಾ ಆಗುತ್ತದೆಂಬುದು ಹನಫಿ ಪಂಥದ ಮೂಲಪುರುಷ ಇಮಾಮ್ ಅಬೂ ಹನೀಫಾ ಅವರ ಅಭಿಪ್ರಾಯ. ಶಾಫಿಗಳಲ್ಲಿ ನಲವತ್ತು ಮಂದಿ ಬೇಕು. ಶಾಲೆ ಒಪ್ಪಿದರೆ, ಅಲ್ಲಿಯ ಮಸೀದಿಯವರನ್ನು ಕೇಳಿಕೊಂಡು ದೊಡ್ಡ ತರಗತಿಯ ಹುಡುಗನೊಬ್ಬ ಚಿಕ್ಕ ಖುತ್ಬಾ (ಪ್ರವಚನ) ಓದಿ ಹದಿನೈದು ನಿಮಿಷದಲ್ಲಿ ಮುಗಿಸಬಹುದು. ಆಗದಿದ್ದರೆ ಜುಹರ್ ಮಾಡಲಿ. ಅದಕ್ಕಾಗಿ ಮಗುವನ್ನು ಬೈಯುವುದು ಅನ್ಯಾಯ.

ಇಲ್ಲಿಯ ಹಿರಿಯರಿಗೆ ನಮ್ಮ ಕೋರಿಕೆ ಇಷ್ಟೇ. ಮೊಮ್ಮಗನ ಶಾಲೆಯ ವೇಳಾಪಟ್ಟಿ ಮತ್ತು ಅಲ್ಲಿಯ ಮಸೀದಿಯ ಪಟ್ಟಿ ಎರಡನ್ನೂ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿ. ‘ಮಾಡಿದೆಯಾ?’ ಎನ್ನುವ ಬದಲು ‘ಅಸರ್‌ಗೆ ಜಾಗ ಸಿಕ್ಕಿತಾ?’ ಎಂದು ಕೇಳಿ. ‘ಭಯೋತ್ಪಾದಕ’ ಎಂದು ಯಾರಾದರೂ ಹಂಗಿಸಿದ್ದನ್ನು ಮಗು ಹೇಳಿಕೊಂಡರೆ ‘ಸಹಿಸಿಕೋ’ ಎಂದು ಬಾಯಿ ಮುಚ್ಚಿಸಬೇಡಿ; ದಿನಾಂಕ, ಆಡಿದ ಮಾತು, ಅಲ್ಲಿದ್ದವರ ಹೆಸರು ಬರೆದಿಟ್ಟು ಶಾಲೆಗೆ ಕೊಡಲು ಹೇಳಿ.

ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ 2030ರಲ್ಲಿ ಜನವರಿ ಮೊದಲ ವಾರಕ್ಕೆ ಬರುತ್ತದೆ. ಲಂಡನ್ನಿನಲ್ಲಿ ಆಗ ರೋಜಾ (ಉಪವಾಸ) ಹತ್ತು ಗಂಟೆ ಚಿಲ್ಲರೆ ಮಾತ್ರ, ಇಫ್ತಾರ್ ಸಂಜೆ 4 ದಾಟುತ್ತಲೇ. ಆ ಹೊತ್ತಿಗೆ ಮಗು ಬಸ್ಸಿನಲ್ಲೋ ಫುಟ್‌ಬಾಲ್ ಅಭ್ಯಾಸದಲ್ಲೋ ಇರುತ್ತದೆ. ಚೀಲದಲ್ಲಿ ಮೂರು ಖರ್ಜೂರ, ಒಂದು ಬಾಟಲಿ ನೀರು ಇಟ್ಟಿರಬೇಕು, ನಡುವೆ ಐದು ನಿಮಿಷ ಬಿಡಲು ಕೋಚ್‌ಗೆ ಮೊದಲೇ ಪತ್ರ ಕೊಟ್ಟಿರಬೇಕು.

– ಮೈಸೂರಿನ ಕೆಲವು ಶಿಕ್ಷಕರು ಮತ್ತು ಪಾಲಕರು,
ರಾಜೀವ್ ನಗರ, ಮೈಸೂರು