ಗುಳಿಗೆ ನಿಲ್ಲಿಸುವ ಕ್ರಮವನ್ನೂ ಚೀಟಿಯಲ್ಲಿ ಬರೆಯಲಿ

ಮಾನ್ಯ ಸಂಪಾದಕರಿಗೆ,

ಖಿನ್ನತೆಗೆ, ಗಾಬರಿಗೆ ಕೊಡುವ ಗುಳಿಗೆಯ ಚೀಟಿಯಲ್ಲಿ ಶುರು ಮಾಡುವ ಕ್ರಮ ಚೊಕ್ಕವಾಗಿ ಇರುತ್ತದೆ: ಮೊದಲ ವಾರ 5 ಮಿಲಿಗ್ರಾಂ, ಆಮೇಲೆ 10, ತಿಂಗಳು ಬಿಟ್ಟು ಬಂದು ತೋರಿಸಿ. ನಿಲ್ಲಿಸುವ ಕ್ರಮ ಮಾತ್ರ ಚೀಟಿಯಲ್ಲಿ ಕಾಣುವುದು ಅಪರೂಪ. ‘ಹದಿನೈದು ದಿನ ಅರ್ಧ ಮಾಡಿ, ಮತ್ತೆ ಬಿಡಿ’ ಎಂಬ ಬಾಯಿಮಾತು ಇದ್ದರೆ ಇತ್ತು, ಇಲ್ಲದಿದ್ದರೆ ಸ್ಟ್ರಿಪ್ ಮುಗಿದ ದಿನವೇ ಕೊನೆಯ ದಿನ. ಹೀಗೆ ಬಿಟ್ಟವರು ಮೂರ್ನಾಲ್ಕು ದಿನಕ್ಕೆ ಮೆಡಿಕಲ್ ಶಾಪಿಗೆ ಬಂದು ಮಂಡೆ ತಿರುಗುವುದಕ್ಕೆ ಏನಾದರೂ ಕೊಡಿ ಎನ್ನುತ್ತಾರೆ. ಪಿತ್ತ ಏರಿದೆ ಎಂದು ಮನೆಯಲ್ಲಿ ಮುರುಗಲು ಪಾನಕ ಕುಡಿದಾಗಿರುತ್ತದೆ. ಬಿ.ಪಿ. ನೋಡಿಸಿ ಆಗಿರುತ್ತದೆ. ಗುಳಿಗೆ ಬಿಟ್ಟದ್ದಕ್ಕೂ ಇದಕ್ಕೂ ಸಂಬಂಧ ಇದ್ದೀತು ಎಂದು ಹೇಳಿಕೊಟ್ಟವರು ಯಾರೂ ಇರುವುದಿಲ್ಲ.

ಸಂಬಂಧ ಇದೆ. ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ವಾಪಸ್ ಎಳೆದುಕೊಳ್ಳುವ ಜಾಗಗಳನ್ನು ಈ ಗುಳಿಗೆಗಳು ತಡೆದು ಹಿಡಿಯುತ್ತವೆ. ತಿಂಗಳುಗಟ್ಟಲೆ ಹಾಗೆ ಹಿಡಿದಾಗ ನರಮಂಡಲ ಅದಕ್ಕೆ ಹೊಂದಿಕೊಳ್ಳುತ್ತದೆ. ಹಿಡಿತ ಒಮ್ಮೆಲೇ ಬಿಟ್ಟರೆ ಮತ್ತೆ ಹೊಂದಿಕೊಳ್ಳಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕಾಗುತ್ತವೆ. ಆ ನಡುವಿನ ತ್ರಾಸು ಇದು: ತಲೆಸುತ್ತು, ಹೊಟ್ಟೆ ತೊಳಸುವುದು, ಬೆವರು, ಜ್ವರ ಬರುವ ಮುಂಚಿನ ಮೈಕೈ ನೋವು, ನಿದ್ದೆಗೇಡು, ವಿಚಿತ್ರ ಕನಸು, ಸಣ್ಣ ಮಾತಿಗೂ ಸಿಟ್ಟು ಅಥವಾ ಅಳು. ಕಣ್ಣು ಆಚೀಚೆ ಹೊರಳಿಸಿದಾಗ ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗುವುದು ಇದರ ಖಾಸಾ ಗುರುತು. ಇದನ್ನು ‘ಗುಳಿಗೆಯ ಚಟ’ ಎನ್ನುವುದು ತಪ್ಪು. ಚಟ ಹತ್ತಿದವರು ಇನ್ನೂ ಬೇಕು ಎಂದು ಹಂಬಲಿಸುತ್ತಾರೆ; ಇವರು ಬಿಡಬೇಕು ಎಂದೇ ಬಿಟ್ಟವರು.

ಎಲ್ಲರಿಗೂ ಹೀಗಾಗುತ್ತದೆ ಎಂದು ಹೆದರಿಸುವುದೂ ಬೇಡ. 2024ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿ ಬಂತು. ಔಷಧ ಬಿಟ್ಟವರಲ್ಲಿ ಶೇ 31ರಷ್ಟು ಮಂದಿಗೆ ಏನಾದರೊಂದು ಲಕ್ಷಣ ಕಂಡಿತ್ತು. ಔಷಧವೇ ಇಲ್ಲದ ಹುಸಿ ಗುಳಿಗೆ ಬಿಟ್ಟವರಲ್ಲೂ ಶೇ 17ರಷ್ಟು ಮಂದಿಗೆ ಕಂಡಿತ್ತು. ಅಂದರೆ ಔಷಧದ ದೆಸೆಯಿಂದಲೇ ತ್ರಾಸು ಪಡುವವರು ಆರೇಳು ಜನರಲ್ಲಿ ಒಬ್ಬರು. ಜೋರು ತ್ರಾಸು ಸುಮಾರು ಶೇ 3 ಮಂದಿಗೆ. ವರ್ಷಗಟ್ಟಲೆ ತೆಗೆದುಕೊಂಡವರಿಗೆ, ಹೆಚ್ಚು ಪವರ್ (ಮಿಲಿಗ್ರಾಂ) ಇದ್ದವರಿಗೆ, ಹಿಂದೊಮ್ಮೆ ಬಿಡಲು ಹೋಗಿ ಕಷ್ಟಪಟ್ಟವರಿಗೆ ಅಪಾಯ ಹೆಚ್ಚು. ಹಾಗಾಗಿ ಯಾರಿಗೆ ಎಷ್ಟು ನಿಧಾನ ಎಂಬುದನ್ನು ಡಾಕ್ಟರು ಇವೆಲ್ಲ ಕೇಳಿಯೇ ಗೊತ್ತುಮಾಡಬೇಕು.

ಜನ ಎಡವುವುದು ಲೆಕ್ಕದಲ್ಲಿ. 20ರಿಂದ 10ಕ್ಕೆ ಇಳಿಸಿದಾಗ ಏನೂ ಆಗಲಿಲ್ಲ, 10ರಿಂದ 5ಕ್ಕೂ ಆಗಲಿಲ್ಲ, ಇನ್ನು 5 ಯಾವ ಲೆಕ್ಕ ಎಂದು ಬಿಡುತ್ತಾರೆ. ಅಲ್ಲಿಯೇ ಬೀಳುವುದು. ಹೊರೊವಿಟ್ಜ್ ಮತ್ತು ಟೇಲರ್ ಎಂಬ ಸಂಶೋಧಕರು 2019ರಲ್ಲಿ ಇದರ ಕಾರಣವನ್ನು ಅಂಕಿಗಳಲ್ಲಿ ತೋರಿಸಿದರು. ಸಿಟಾಲೊಪ್ರಾಂ ಎಂಬ ಖಿನ್ನತೆಯ ಗುಳಿಗೆಯ ಉದಾಹರಣೆ ನೋಡಿ: 60 ಮಿ.ಗ್ರಾಂ. ಸುಮಾರು ಶೇ 88 ಜಾಗಗಳನ್ನು ಹಿಡಿಯುತ್ತದೆ, 20 ಮಿ.ಗ್ರಾಂ. ಶೇ 80, 9 ಮಿ.ಗ್ರಾಂ. ಶೇ 70, 5.4 ಮಿ.ಗ್ರಾಂ. ಶೇ 60, 3.4 ಮಿ.ಗ್ರಾಂ. ಶೇ 50, ಒಂದೂವರೆ ಮಿ.ಗ್ರಾಂ. ಶೇ 30; ಅರ್ಧ ಮಿ.ಗ್ರಾಮಿಗೂ ಕಡಿಮೆ ಔಷಧ ಶೇ 10ರಷ್ಟು ಹಿಡಿದಿರುತ್ತದೆ. 60ರಿಂದ 20ಕ್ಕೆ, ಅಂದರೆ 40 ಮಿ.ಗ್ರಾಂ. ಇಳಿಸಿದರೂ ಹಿಡಿತ ತಗ್ಗುವುದು ನೂರರಲ್ಲಿ ಎಂಟೇ ಪಾಲು. 5ರಿಂದ ಸೊನ್ನೆಗೆ ಹೋದರೆ ಸುಮಾರು 60 ಪಾಲು ಒಂದೇ ರಾತ್ರಿಯಲ್ಲಿ ಹೋಗುತ್ತದೆ. ಮೇಲಿನ ಮೆಟ್ಟಿಲುಗಳೆಲ್ಲ ಗೇಣುದ್ದ, ಕೊನೆಯ ಮೆಟ್ಟಿಲು ಆಳುದ್ದ ಇರುವ ಬಾವಿಯ ಹಾಗೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಎಸಿಟಾಲೊಪ್ರಾಂ ಇದೇ ಜಾತಿಯದು, ಮಿಲಿಗ್ರಾಮಿಗೆ ಬಲ ಸುಮಾರು ಎರಡು ಪಟ್ಟು; ಮೇಲಿನ ಮಿ.ಗ್ರಾಂ. ಅಂಕಿಗಳನ್ನು ಅರ್ಧ ಮಾಡಿ ಓದಿಕೊಳ್ಳಬಹುದು.

ಹಾಗಾಗಿ ಪ್ರತಿ ಸಲ ಇಷ್ಟೇ ಮಿಲಿಗ್ರಾಂ ಎಂದು ಕಳೆಯುವುದಲ್ಲ. ಈಗ ಎಷ್ಟಿದೆಯೋ ಅದರ ಕಾಲು ಪಾಲೋ ಅರ್ಧವೋ ಕಳೆಯಬೇಕು. ಕೆಳಗೆ ಬಂದ ಹಾಗೆ ಕಳೆಯುವ ತುಣುಕೂ ಸಣ್ಣದಾಗಬೇಕು. ಬ್ರಿಟನ್ನಿನ ನೈಸ್ (NICE) ಎಂಬ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ ಹೇಳುವುದೂ ಇದನ್ನೇ. ಎಸಿಟಾಲೊಪ್ರಾಂ 10 ಮಿ.ಗ್ರಾಂ. ತೆಗೆದುಕೊಳ್ಳುವವರಿಗೆ 10, 7.5, 5, 3.75, 2.5, 1.25, 0.6, ಆಮೇಲೆ ಸೊನ್ನೆ ಎಂಬ ಸಾಲು ಇರಬಹುದು. ಒಂದೊಂದು ಹಂತ ಎರಡರಿಂದ ನಾಲ್ಕು ವಾರ. ಕೆಲವೇ ತಿಂಗಳು ತೆಗೆದುಕೊಂಡವರಿಗೆ ನಡುವಿನ ಹಂತ ಬಿಟ್ಟು ಬೇಗ ಇಳಿಸಬಹುದು. ಹತ್ತು ವರ್ಷ ತೆಗೆದುಕೊಂಡವರಿಗೆ ಒಂದು ವರ್ಷವೇ ಹಿಡಿದರೂ ಆಶ್ಚರ್ಯವಿಲ್ಲ. ಇದು ಮಾದರಿ ಮಾತ್ರ, ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡು ತಾವೇ ಶುರು ಮಾಡಲು ಬರೆದದ್ದಲ್ಲ. ಡಾಕ್ಟರ ಮುಂದೆ ಇಟ್ಟು ‘ನನಗೆ ಹೇಗೆ’ ಎಂದು ಕೇಳಲು ಬರೆದದ್ದು.

ಈ ಸಣ್ಣ ತುಣುಕುಗಳನ್ನು ಮಾಡಿಕೊಳ್ಳುವುದು ಹೇಗೆ? ಎಸಿಟಾಲೊಪ್ರಾಂ 5ರ ಗುಳಿಗೆ ಸಿಗುತ್ತದೆ. ಅರ್ಧ ಮಾಡಿದರೆ 2.5, ಕಾಲು ಮಾಡಿದರೆ 1.25. ಇದೇ ಗುಂಪಿನ ಸರ್ಟ್ರಾಲಿನ್ 25ರದ್ದು, ಫ್ಲೂಆಕ್ಸೆಟಿನ್ 10ರದ್ದು ಸಿಗುತ್ತವೆ. ಬ್ಲೇಡು, ಅಡುಗೆ ಚಾಕು ಬೇಡ, ಗುಳಿಗೆ ಕತ್ತರಿಸುವ ಪ್ಲಾಸ್ಟಿಕ್ ಡಬ್ಬಿ ಮೆಡಿಕಲ್ ಶಾಪುಗಳಲ್ಲಿ ಇರುತ್ತದೆ, ಇಲ್ಲದಿದ್ದರೆ ತರಿಸಿಕೊಡುತ್ತಾರೆ. ಒಂದು ಸಲಕ್ಕೆ ಒಂದೇ ಗುಳಿಗೆ ಕತ್ತರಿಸಿ. ತುಣುಕುಗಳು ಮುಗಿದ ಮೇಲೆ ಇನ್ನೊಂದು. ತಿಂಗಳಿಗಾಗುವಷ್ಟು ಒಮ್ಮೆಗೇ ಕತ್ತರಿಸಿಟ್ಟರೆ ನಮ್ಮ ಕರಾವಳಿಯ ಆಷಾಢದ ಹವೆಗೆ ಅವು ಮೆತ್ತಗಾಗಿ ಪುಡಿಯಾಗುತ್ತವೆ. ಕಾಲು ತುಣುಕು ಒಂದು ದಿನ ದೊಡ್ಡದು, ಒಂದು ದಿನ ಸಣ್ಣದು ಆದರೆ ತಲೆಕೆಡಿಸಿಕೊಳ್ಳುವುದು ಬೇಡ, ನಾಲ್ಕು ದಿನದಲ್ಲಿ ಸರಿಹೋಗುತ್ತದೆ. ಅದಕ್ಕೂ ಕಡಿಮೆ ಬೇಕಾದಾಗ 5 ಮಿ.ಗ್ರಾಂ. ಗುಳಿಗೆಯನ್ನು 10 ಮಿ.ಲೀ. ನೀರಿನಲ್ಲಿ ಕದಡಿ, ಚೆನ್ನಾಗಿ ಕುಲುಕಿ, ತಳಕ್ಕೆ ಇಳಿಯುವ ಮೊದಲೇ ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದರೆ 1 ಮಿ.ಲೀ.ಗೆ ಅರ್ಧ ಮಿ.ಗ್ರಾಂ. ಬರುತ್ತದೆ. ಉಳಿದದ್ದನ್ನು ಚೆಲ್ಲಬೇಕು, ನಾಳೆಗೆ ಇಡಬಾರದು. ಇದನ್ನು ಡಾಕ್ಟರು ಒಪ್ಪಿದ ಮೇಲೆ, ಫಾರ್ಮಾಸಿಸ್ಟ್ ಒಮ್ಮೆ ಮಾಡಿ ತೋರಿಸಿದ ಮೇಲೆ ಮಾಡಿ.

ಹೆಸರಿನ ಮುಂದೆ ಎಕ್ಸ್‌ಆರ್, ಇಆರ್, ಸಿಆರ್ ಎಂದಿದ್ದರೆ ಕತ್ತರಿಸುವ ಮಾತೇ ಇಲ್ಲ. ಅವು ಇಡೀ ದಿನ ಸ್ವಲ್ಪ ಸ್ವಲ್ಪವೇ ಬಿಡುವಂತೆ ಮಾಡಿದವು, ಒಡೆದರೆ ಎಲ್ಲವೂ ಒಮ್ಮೆಗೇ ಇಳಿಯುತ್ತದೆ. ವೆನ್ಲಾಫ್ಯಾಕ್ಸಿನ್ ಕ್ಯಾಪ್ಸೂಲಿನೊಳಗೆ ಕಾಳುಗಳಿದ್ದರೆ ಬಿಚ್ಚಿ ಎಣಿಸಿ ಕಡಿಮೆ ಮಾಡುವ ಕ್ರಮ ಇದೆ, ಆದರೆ ಕಾಳುಗಳ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ. ಕೆಲವು ಕಂಪನಿಗಳದ್ದರಲ್ಲಿ ಕಾಳಿನ ಬದಲು ಪುಟ್ಟ ಗುಳಿಗೆಗಳಿರುತ್ತವೆ. ಇಳಿಸುವ ತಿಂಗಳುಗಳಲ್ಲಿ ಕಂಪನಿ ಬದಲಿಸದಿರುವುದೇ ಒಳ್ಳೆಯದು. ಕಾಳುಗಳನ್ನು ಅಗಿಯಬಾರದು, ಅರೆಯಬಾರದು.

‘ದಿನ ಬಿಟ್ಟು ದಿನ ತೆಗೆದುಕೊಳ್ಳಿ’ ಎಂಬ ಸಲಹೆ ಎಷ್ಟು ಹಳೆಯದೋ ಅಷ್ಟೇ ಕೆಟ್ಟದ್ದು. ವೆನ್ಲಾಫ್ಯಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಸಾಕು, ಅದರಿಂದ ಮೈಯಲ್ಲಿ ಆಗುವ ಇನ್ನೊಂದು ಔಷಧಕ್ಕೆ 11 ಗಂಟೆ. ಪ್ಯಾರಾಕ್ಸೆಟಿನ್‌ಗೆ ಸುಮಾರು 21, ಎಸಿಟಾಲೊಪ್ರಾಂಗೆ ಸುಮಾರು 30 ಗಂಟೆ. ಒಂದು ದಿನ ಬಿಟ್ಟರೆ ಮೈಯಲ್ಲಿ ಔಷಧ ಒಮ್ಮೆ ಏರಿ ಒಮ್ಮೆ ಬೀಳುತ್ತದೆ, ವಾರಕ್ಕೆ ಮೂರು ಸಲ ಬಿಟ್ಟಂತೆಯೇ ಲೆಕ್ಕ. ಫ್ಲೂಆಕ್ಸೆಟಿನ್ ಮಾತ್ರ ಬೇರೆ. ಅದೂ ಅದರ ಉಪ-ಔಷಧವೂ ವಾರಗಟ್ಟಲೆ ಮೈಯಲ್ಲಿ ಉಳಿಯುವುದರಿಂದ ತಾನಾಗಿಯೇ ನಿಧಾನಕ್ಕೆ ಇಳಿಯುತ್ತದೆ. ತ್ರಾಸು ಬಂದರೂ ಕೆಲವು ವಾರ ತಡೆದು ಬರುತ್ತದೆ, ಆಗ ಗುಳಿಗೆಯ ನೆನಪೇ ಯಾರಿಗೂ ಇರುವುದಿಲ್ಲ.

ನಮ್ಮ ಕಡೆ ಇನ್ನೊಂದು ದೊಡ್ಡ ತೊಡಕು ಜೋಡಿ ಗುಳಿಗೆ. ಎಸಿಟಾಲೊಪ್ರಾಂ 10 ಮತ್ತು ಗಾಬರಿ ತಗ್ಗಿಸಿ ನಿದ್ದೆ ಬರಿಸುವ ಕ್ಲೊನಾಜೆಪಾಂ 0.5 ಒಂದೇ ಗುಳಿಗೆಯಲ್ಲಿ ಇರುವುದು ಬಹಳ ಬಳಕೆಯಲ್ಲಿದೆ. ಅದನ್ನು ಬಿಟ್ಟರೆ ಒಂದಲ್ಲ, ಎರಡು ಔಷಧ ಒಟ್ಟಿಗೆ ಬಿಟ್ಟ ಹಾಗೆ. ಕ್ಲೊನಾಜೆಪಾಂ ತಿಂಗಳುಗಟ್ಟಲೆ ತೆಗೆದುಕೊಂಡು ಫಕ್ಕನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಇದೆ. ಇಂಥವರಿಗೆ ಮೊದಲು ಎರಡನ್ನೂ ಬೇರೆ ಬೇರೆ ಗುಳಿಗೆಯಾಗಿ ಬರೆಸಿಕೊಂಡು, ಒಂದನ್ನು ಇಳಿಸುವಾಗ ಇನ್ನೊಂದನ್ನು ಇದ್ದ ಹಾಗೇ ಇಡಬೇಕು. ಸ್ಟ್ರಿಪ್ಪಿನ ಮೇಲೆ ಹೆಸರಿನ ಬಾಲಕ್ಕೆ ‘ಪ್ಲಸ್’ ಎಂದೋ ಬೇರೆ ಅಕ್ಷರವೋ ಇದ್ದರೆ ಒಳಗೆ ಏನೇನಿದೆ ಎಂದು ಅಂಗಡಿಯಲ್ಲಿ ಕೇಳಿ. ಹಾಗೆಯೇ ಅರೆತಲೆನೋವಿಗೆ ಅಮಿಟ್ರಿಪ್ಟಿಲಿನ್, ಸಕ್ಕರೆ ಕಾಯಿಲೆಯವರ ಪಾದದ ಉರಿಗೆ ಡುಲೊಕ್ಸೆಟಿನ್ ತೆಗೆದುಕೊಳ್ಳುವವರಿಗೆ ತಮ್ಮದೂ ಇದೇ ಗುಂಪಿನ ಔಷಧ ಎಂದು ಗೊತ್ತಿರುವುದಿಲ್ಲ. ನೋವು ಕಡಿಮೆಯಾಯಿತೆಂದು ಒಂದೇ ದಿನ ಬಿಡುತ್ತಾರೆ.

ತ್ರಾಸು ಬಂದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ ‘ಕಾಯಿಲೆ ಮರುಕಳಿಸಿತೇ’ ಎಂಬುದು. ಪವರ್ ಇಳಿಸಿದ ಕೆಲವೇ ದಿನಗಳಲ್ಲಿ ಶುರುವಾದರೆ, ಮೊದಲಿನ ಕಾಯಿಲೆಯಲ್ಲಿ ಇಲ್ಲದಿದ್ದ ಕರೆಂಟ್ ಹೊಡೆತ, ತಲೆಸುತ್ತು, ತೊಳಸುವಿಕೆ ಇದ್ದರೆ, ಎರಡು ದಿನ ಹೆಚ್ಚು ಒಂದು ದಿನ ಕಡಿಮೆ ಎಂದು ಅಲೆಅಲೆಯಾಗಿ ಬಂದರೆ ಅದು ಬಹುತೇಕ ಬಿಟ್ಟದ್ದರ ತ್ರಾಸು. ಹಿಂದಿನ ಪವರಿಗೆ ಮರಳಿದರೆ ಸಾಮಾನ್ಯವಾಗಿ ಕೆಲವೇ ದಿನದಲ್ಲಿ ಇಳಿಯುತ್ತದೆ. ಕಾಯಿಲೆ ಹಾಗಲ್ಲ. ಅದು ವಾರ, ತಿಂಗಳು ಕಳೆದು ಮೆಲ್ಲಗೆ ಬರುತ್ತದೆ, ಗುಳಿಗೆಗೂ ಕೂಡಲೇ ಬಗ್ಗುವುದಿಲ್ಲ. ಒಂದು ಹಳೆಯ ಕ್ಯಾಲೆಂಡರಿನಲ್ಲಿ ದಿನಾ ಪವರ್, ನಿದ್ದೆಯ ಗಂಟೆ, ತ್ರಾಸಿಗೆ ಹತ್ತರಲ್ಲಿ ಎಷ್ಟು ಎಂದು ಬರೆದಿಟ್ಟರೆ ಡಾಕ್ಟರಿಗೆ ಅರ್ಧ ಕೆಲಸ ಉಳಿಯುತ್ತದೆ. ತಡೆಯಲಾಗದಿದ್ದರೆ ಹಟ ಮಾಡದೆ ಡಾಕ್ಟರಿಗೆ ಹೇಳಿ ಹಿಂದಿನ ಹಂತಕ್ಕೆ ಏರಿ, ಅಲ್ಲಿ ನಿಂತು, ಮುಂದಿನ ಸಲ ಇನ್ನೂ ಸಣ್ಣ ತುಣುಕು ಕಳೆಯಬೇಕು. ಒಂದೆಲಗದ ತಂಬುಳಿ ಊಟಕ್ಕೆ ಚೆನ್ನ. ಗುಳಿಗೆಯ ಬದಲಿಗೆ ಅಲ್ಲ. ಕೂತಲ್ಲಿ ಕೂರಲಾಗದ ಚಡಪಡಿಕೆ, ಸಾಯುವ ಯೋಚನೆ, ನಿದ್ದೆಯೇ ಇಲ್ಲದ ವಿಪರೀತ ಹುರುಪು ಕಂಡರೆ ಕಾಯಬಾರದು, ಅದೇ ದಿನ ಆಸ್ಪತ್ರೆ. ಬಸುರಿ ಎಂದು ಗೊತ್ತಾದ ಕೂಡಲೇ ಹೆದರಿ ಗುಳಿಗೆ ಎಸೆಯುವುದೂ ತಪ್ಪು, ಮೊದಲು ಡಾಕ್ಟರನ್ನು ಕೇಳಬೇಕು.

ಎಲ್ಲರೂ ಬಿಡಲೇಬೇಕು ಎಂದು ನಾವು ಹೇಳುತ್ತಿಲ್ಲ. ಪೂರ್ತಿ ಹುಷಾರಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸುವುದು ರೂಢಿ, ಮತ್ತೆ ಮತ್ತೆ ಬಂದವರಿಗೆ ಎರಡು ವರ್ಷ ಅಥವಾ ಹೆಚ್ಚು. ಇಂಗ್ಲೆಂಡಿನಲ್ಲಿ ದೀರ್ಘಕಾಲ ಗುಳಿಗೆ ತೆಗೆದುಕೊಂಡು ಆರಾಮವಾಗಿದ್ದವರ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಿಟ್ಟವರ ಪೈಕಿ ಶೇ 56 ಮಂದಿಗೆ ಒಂದು ವರ್ಷದೊಳಗೆ ಖಿನ್ನತೆ ಮರಳಿತು. ಮುಂದುವರಿಸಿದವರಲ್ಲಿ ಶೇ 39 ಮಂದಿಗೆ. ಎರಡೂ ಅಂಕಿ ನೋಡಿಯೇ ತೀರ್ಮಾನ ಮಾಡಬೇಕು.

ಬಿಡುವುದಾದರೆ ಯಾವಾಗ ಎಂಬುದೂ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸಣ್ಣ ವಿಷಯವಲ್ಲ. ಅಡಿಕೆ ಮರ ಹತ್ತುವ ಕೊನೆಗೌಡರು ಕೊಳೆ ಔಷಧ ಹೊಡೆಯುವ ಮಳೆಗಾಲದಲ್ಲಾಗಲಿ, ಗೊನೆ ಕೊಯ್ಲಿನಲ್ಲಾಗಲಿ ಪವರ್ ಇಳಿಸಬಾರದು. ಮರದ ತುದಿಯಲ್ಲಿ ಒಂದು ಕ್ಷಣ ತಲೆ ತಿರುಗಿದರೂ ಮುಗಿಯಿತು. ಬೋಟಿನಲ್ಲಿ ಆಳಸಮುದ್ರಕ್ಕೆ ಹೋಗುವವರಿಗೆ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಅವಧಿಯೇ ಅನುಕೂಲ: ಕಾಲ ಕೆಳಗೆ ನೆಲ ಇರುತ್ತದೆ, ಆಸ್ಪತ್ರೆ ಹತ್ತಿರ ಇರುತ್ತದೆ. ಘಟ್ಟದ ರಸ್ತೆಯಲ್ಲಿ ಬಸ್ಸು, ಲಾರಿ ಓಡಿಸುವವರು ಪ್ರತಿ ಹಂತದ ಮೊದಲ ವಾರ ಸ್ಟೇರಿಂಗ್ ಹಿಡಿಯದಿರುವುದು ಲೇಸು. ಮನೆಯಲ್ಲಿ ಸಾವು, ಮದುವೆ, ಜಾಗದ ತಕರಾರು ನಡೆಯುತ್ತಿದ್ದರೆ ಮುಂದೆ ಹಾಕಿ.

ಬಿಡುವ ಯೋಚನೆಯೇ ಇಲ್ಲದವರೂ ಮಳೆಗಾಲದಲ್ಲಿ ಸಿಕ್ಕಿಬೀಳುತ್ತಾರೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದಾದದ್ದನ್ನು ಯಾರೂ ಮರೆತಿಲ್ಲ. ದೇವಿಮನೆ ಘಟ್ಟದಲ್ಲೋ ಅರಬೈಲು ಘಟ್ಟದಲ್ಲೋ ಮಣ್ಣು ಜಾರಿದರೆ ಧಾರವಾಡಕ್ಕೆ, ಮಣಿಪಾಲಕ್ಕೆ ತೋರಿಸಲು ಹೋಗುವವರ ತಾರೀಖು ತಪ್ಪುತ್ತದೆ, ಗುಳಿಗೆ ಮುಗಿಯುತ್ತದೆ. ಮೇ ಕೊನೆಯೊಳಗೆ ಒಂದು ತಿಂಗಳಿಗೆ ಹೆಚ್ಚುವರಿ ಗುಳಿಗೆ ಬರೆಸಿಟ್ಟುಕೊಳ್ಳಿ. ಸ್ಟ್ರಿಪ್ ಕತ್ತರಿಸಿ ತರುವವರು ಹೆಸರು, ಪವರ್, ತಾರೀಖು ಇರುವ ತುದಿಯನ್ನೇ ಕೇಳಿ ಪಡೆಯಿರಿ. ಆತ್ಮಹತ್ಯೆಯ ಯೋಚನೆ ಬರುವವರ ಮನೆಯಲ್ಲಿ ಆ ದಾಸ್ತಾನು ಇನ್ನೊಬ್ಬರ ಕೈಯಲ್ಲಿರಲಿ. ರಸ್ತೆ ಇಲ್ಲದ ದಿನ 14416ಕ್ಕೆ ಫೋನ್ ಮಾಡಬಹುದು: 2022ರ ಅಕ್ಟೋಬರ್ 10ರಂದು ಶುರುವಾದ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದಿನದ 24 ಗಂಟೆ, ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ.

ಜಿಲ್ಲೆಯ ವೈದ್ಯರಲ್ಲಿ ನಮ್ಮ ಕೋರಿಕೆ ಇಷ್ಟು: ಇಳಿಸುವ ಪ್ರತಿ ಹಂತದ ಪವರ್, ಎಷ್ಟು ವಾರ, ತ್ರಾಸಾದರೆ ಯಾವ ಹಂತಕ್ಕೆ ಮರಳಬೇಕು ಎಂಬುದನ್ನು ಚೀಟಿಯ ಮೇಲೆಯೇ ಬರೆಯಿರಿ. ಆಗ ಕೌಂಟರಿನಲ್ಲಿ ನಾವೂ ಸರಿಯಾದ ಗುಳಿಗೆ ಕೊಟ್ಟು ವಿವರಿಸಬಹುದು. ಆರೋಗ್ಯ ಇಲಾಖೆ ತಾಲ್ಲೂಕು ಆಸ್ಪತ್ರೆಗಳ ದಾಸ್ತಾನಿನಲ್ಲಿ ಎಸಿಟಾಲೊಪ್ರಾಂ 5, ಸರ್ಟ್ರಾಲಿನ್ 25, ಫ್ಲೂಆಕ್ಸೆಟಿನ್ 10 ತಪ್ಪದೆ ಇರುವಂತೆ ನೋಡಿಕೊಳ್ಳಲಿ, ಕ್ಲೊನಾಜೆಪಾಂ ಬೇರೆ ಗುಳಿಗೆಯಾಗಿಯೇ ಸಿಗಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರಗಳಲ್ಲಿ ಹೊಸ ರೋಗಿಗಳ ಜತೆಗೆ ಗುಳಿಗೆ ಇಳಿಸುತ್ತಿರುವವರಿಗೂ ಹತ್ತು ನಿಮಿಷ ಮೀಸಲಿಟ್ಟರೆ ಕಾರವಾರದವರೆಗೆ ಬಸ್ಸು ಹತ್ತುವ ಖರ್ಚು ಉಳಿಯುತ್ತದೆ.

— ಇಬ್ಬರು ಫಾರ್ಮಾಸಿಸ್ಟರು, ಕುಮಟಾ ಮತ್ತು ಶಿರಸಿ